ಮಹಾನಗರಗಳು: ಏಳಿಗೆಯೋ, ಅವನತಿಯೋ?

ಮಹಾನಗರಗಳ ಕಾಲ ಮುಗಿಯಿತೆಂದು ಕೆಲವರೂ, ಮುಂದಿನದೆಲ್ಲ ಅವುಗಳದೇ ಕಾಲವೆಂದು ಮತ್ತೆ ಕೆಲವರೂ ವಾದಿಸುವುದುಂಟು. ಮುಂಬಯಿಯ ಅಂಕಿಅಂಶಗಳನ್ನು ಪರಿಶೀಲಿಸಿದರೆ ಎರಡು ವಾದಗಳೂ ಅರ್ಧಸತ್ಯವೆಂಬುದು ವಿದಿತವಾಗುತ್ತದೆ.

2001ರ ಜನಗಣತಿಯಲ್ಲಿ ಸುಮಾರು 33.4 ಲಕ್ಷವಿದ್ದ ಮುಂಬಯಿ ನಗರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 30.9 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಉಪನಗರ ಜಿಲ್ಲೆಯ ಜನಸಂಖ್ಯೆ 86.4 ಲಕ್ಷದಿಂದ 93.6 ಲಕ್ಷಕ್ಕೂ, ಅಂದಿನ ಅವಿಭಜಿತ ಠಾಣೆ ಜಿಲ್ಲೆಯದು 81.3 ಲಕ್ಷದಿಂದ 1.11 ಕೋಟಿಗೂ ಏರಿತು. ಮಹಾನಗರ ಕುಗ್ಗಲಿಲ್ಲ, ಅದರ ಜನಭಾರ ಹೊರವಲಯಕ್ಕೆ ಸರಿಯಿತು.

ವ್ಯಾಪಾರವೂ ಸರಿಯಿತು. ಮಸೀದಿ ಬಂದರು ಮೊದಲಾದ ಹಳೆಯ ಪೇಟೆಗಳ ಸಗಟು ವಹಿವಾಟು 1981ರಿಂದ 1996ರವರೆಗೆ ಹಂತಹಂತವಾಗಿ ವಾಶಿಯ ಮಾರುಕಟ್ಟೆ ಪ್ರಾಂಗಣಕ್ಕೆ ಸ್ಥಳಾಂತರಗೊಂಡಿತು. ಬಟ್ಟೆ ಗಿರಣಿಗಳ ಕಥೆ ಇನ್ನೂ ಕಠೋರ. ಹಳೆಯ ಯಂತ್ರಗಳು ಮತ್ತು ವಿದ್ಯುತ್ ಮಗ್ಗಗಳ ಪೈಪೋಟಿಯಿಂದ ಸೊರಗಿದ್ದ ಉದ್ಯಮಕ್ಕೆ, ಸುಮಾರು 2.5 ಲಕ್ಷ ಕಾರ್ಮಿಕರು ಭಾಗವಹಿಸಿದ 1982ರ ಮುಷ್ಕರ ದೊಡ್ಡ ಪೆಟ್ಟು ನೀಡಿತು. ಮುಂದೆ ಗಿರಣಿ ನಡೆಸುವುದಕ್ಕಿಂತ ಅದರ ನೆಲವೇ ಹೆಚ್ಚು ಲಾಭದಾಯಕವಾಯಿತು. ಲೋವರ್ ಪರೇಲ್‌ನ ಫೀನಿಕ್ಸ್ ಗಿರಣಿಯ ಆವರಣ ಇಂದು ಮಾಲ್ ಆಗಿದೆ. ಭೂಮಾಲೀಕರ ಪಾಲಿಗೆ ಇದು ಏಳಿಗೆ. ಗಿರಣಿಗಳನ್ನೇ ನಂಬಿದ್ದ ಬಿಡಿಭಾಗ ಸರಬರಾಜುದಾರರಿಗೂ ಖಾನಾವಳಿಗಳಿಗೂ ಗಿರಾಕಿಯೇ ಇಲ್ಲದ ಸ್ಥಿತಿ.

ಆದ್ದರಿಂದ ನಿವೇಶನದ ಬೆಲೆಯೇರಿಕೆಯನ್ನು ವ್ಯಾಪಾರದ ಅಭಿವೃದ್ಧಿಯೆಂದು ಭ್ರಮಿಸಬಾರದು. ಸ್ವಂತ ಕಟ್ಟಡದಲ್ಲಿ ಅಂಗಡಿ ಇಟ್ಟವರು ಬಾಡಿಗೆ ಉಳಿಯಿತೆಂದು ಸಮಾಧಾನಪಡುವುದು ವಾಡಿಕೆ. ಉದಾಹರಣೆಗೆ, ವರ್ಷಕ್ಕೆ 6 ಲಕ್ಷ ರೂಪಾಯಿ ನಿವ್ವಳ ಲಾಭ ತೋರುವ ಅಂಗಡಿಗೆ ಪೇಟೆಯ ದರದಲ್ಲಿ ತಿಂಗಳಿಗೆ 60 ಸಾವಿರ ಬಾಡಿಗೆ ಬರುವಂತಿದ್ದರೆ, ವಾರ್ಷಿಕ ಬಾಡಿಗೆಯೇ 7.2 ಲಕ್ಷವಾಗುತ್ತದೆ. ಅಂದರೆ ಗಳಿಸುತ್ತಿರುವುದು ಕಟ್ಟಡ, ವ್ಯಾಪಾರ 1.2 ಲಕ್ಷ ನಷ್ಟದಲ್ಲಿದೆ. ಲಾಭನಷ್ಟದ ತಖ್ತೆಯಲ್ಲಿ ಈ ನಷ್ಟ ಕಾಣಿಸುವುದಿಲ್ಲ.

ಹಾಗೆಂದು ಆತುರದಿಂದ ಪೇಟೆ ಬಿಡುವುದೂ ವಿವೇಕವಲ್ಲ. ಹೊರವಲಯದಲ್ಲಿ ಬಾಡಿಗೆ ಕಡಿಮೆಯಾದರೂ ಸಾಗಣೆ ವೆಚ್ಚ, ನುರಿತ ಕೆಲಸಗಾರರ ಲಭ್ಯತೆ, ಉದ್ದರಿ ವಸೂಲಿಯ ತಿರುಗಾಟ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರಾಟ ಮಳಿಗೆಯನ್ನು ಪೇಟೆಯಲ್ಲೇ ಉಳಿಸಿ ಗೋದಾಮನ್ನಷ್ಟೇ ಹೊರಗೆ ಒಯ್ಯುವುದು ಹಲವರಿಗೆ ಹೊಂದಬಹುದು. ಹಾಗೆ ಮಾಡುವವರು ಜಿ.ಎಸ್.ಟಿ. ನೋಂದಣಿಯಲ್ಲಿ ಆ ಗೋದಾಮನ್ನು ಹೆಚ್ಚುವರಿ ವ್ಯವಹಾರ ಸ್ಥಳವೆಂದು ಸೇರಿಸಲು 15 ದಿನಗಳೊಳಗೆ ಅರ್ಜಿ ಸಲ್ಲಿಸಬೇಕೆಂಬುದನ್ನು ಮರೆಯಬಾರದು.

ನಗರ ಬೆಳೆಯುವುದೋ ಅಳಿಯುವುದೋ ಎಂಬ ಚರ್ಚೆ ಮುಂದುವರಿಯಲಿ. ತನ್ನ ಗಿರಾಕಿ ಎತ್ತ ಸಾಗುತ್ತಿದ್ದಾನೆ ಎಂಬುದನ್ನು ಮಾತ್ರ ವರ್ತಕನು ಪ್ರತಿವರ್ಷ ತನ್ನ ಮಾರಾಟದ ಪುಸ್ತಕದಿಂದಲೇ ಅರಿತುಕೊಳ್ಳುವುದು ಶ್ರೇಯಸ್ಕರ.