ಡರ್ಟ್ ಬೈಕಿಗೆ ನಂಬರ್ ಪ್ಲೇಟ್ ಸಿಗುತ್ತದೆಯೇ?

ಮಳೆಗಾಲ ಮುಗಿದು ಸಹ್ಯಾದ್ರಿ ಇನ್ನೂ ಹಸಿರಾಗಿರುವಾಗ ಪುಣೆಯ ಐಟಿ ಹುಡುಗರಿಗೆ ಎರಡು ಹುಚ್ಚು ಹಿಡಿಯುತ್ತವೆ. ಒಂದು ಕೋಟೆ ಹತ್ತುವುದು, ಇನ್ನೊಂದು ಡರ್ಟ್ ಬೈಕು. ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗನಿಗೆ ಹಿಡಿದದ್ದು ಎರಡನೆಯದು. ಒಂದು ಭಾನುವಾರ ಫೋನ್ ಮಾಡಿದ.

"ಮಾವ, ಸೆಕೆಂಡ್ ಹ್ಯಾಂಡ್ ಮೋಟೋಕ್ರಾಸ್ ಬೈಕ್ ಒಂದು ಸಿಕ್ಕಿದೆ. ಲೈಟು, ಇಂಡಿಕೇಟರ್ ಹಾಕಿಸಿದ್ರೆ ಆರ್‌ಟಿಒದಲ್ಲಿ ಪಾಸ್ ಮಾಡಿಸಿಕೊಡ್ತೀನಿ ಅಂತಾನೆ ಏಜೆಂಟ್. ಇಲ್ಲಿ ಆಫೀಸಿಗೆ ಆಯ್ತು, ಊರಿಗೆ ಒಯ್ದರೆ ತೋಟಕ್ಕೂ ಆಯ್ತು."

ಊರು ಎಂದರೆ ಸಕಲೇಶಪುರದ ಕಡೆ. ಕಾಫಿ ತೋಟದ ಏರು ಹಾದಿಗೆ ಅಂಥ ಗಾಡಿ ಚೆನ್ನ, ನಿಜ. ನಾನು ಒಂದೇ ಮಾತು ಕೇಳಿದೆ: "ಫಾರಂ 22 ಇದೆಯೇನೋ?" ಅವನಿಗೆ ಅದೇನೆಂದೇ ಗೊತ್ತಿರಲಿಲ್ಲ. ಏಜೆಂಟನಿಗೆ ಗೊತ್ತಿತ್ತು, ಆದರೆ ಅವನು ಮಾತು ಬದಲಿಸಿದನಂತೆ.

ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಹೊಸ ಗಾಡಿಯ ನೋಂದಣಿಗೆ ಫಾರಂ 20ರಲ್ಲಿ ಅರ್ಜಿ, ಫಾರಂ 21ರಲ್ಲಿ ಮಾರಾಟದ ಪತ್ರ, ಫಾರಂ 22ರಲ್ಲಿ 'ಈ ಗಾಡಿ ನಿಯಮಗಳಿಗೆ ತಕ್ಕಂತೆ ಇದೆ' ಎಂದು ತಯಾರಕರೇ ಕೊಡುವ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರ ಕೊಡಬೇಕಾದರೆ ಆ ಮಾಡೆಲ್ ಮೊದಲೇ ಸರ್ಕಾರ ಗೊತ್ತುಮಾಡಿದ ಪರೀಕ್ಷಾ ಸಂಸ್ಥೆಯಲ್ಲಿ ಪಾಸಾಗಿರಬೇಕು. ಅಂಥದ್ದೊಂದು ಸಂಸ್ಥೆ, ಎಆರ್‌ಎಐ, ನಮ್ಮ ಕೋಥ್ರೂಡಿನ ಗುಡ್ಡದ ಮೇಲೆಯೇ ಇದೆ. ಬೆಳಗಿನ ವಾಕಿಂಗ್ ಹೋಗುವವರು ಆ ಗುಡ್ಡವನ್ನೇ 'ಎಆರ್‌ಎಐ ಟೇಕಡಿ' ಎನ್ನುತ್ತಾರೆ. ಅಲ್ಲೋ, ಅಂಥ ಬೇರೆ ಸಂಸ್ಥೆಯಲ್ಲೋ ಪಾಸಾಗದ ಮಾಡೆಲ್ ಆರ್‌ಟಿಒ ಕಚೇರಿಯಲ್ಲಿ ಪಾಸಾಗದು. ಹೊಗೆ, ಶಬ್ದ, ಬ್ರೇಕ್, ದೀಪ ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. 125 ಸಿಸಿ ಮೀರಿದ ಗಾಡಿಗೆ ಎಬಿಎಸ್ ಬೇಕು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ ಇರಬೇಕು, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಜಿಗಿಯಲೆಂದೇ ಹುಟ್ಟಿದ ಬೈಕಿಗೆ ಸೀರೆ ಗಾರ್ಡ್ ನೋಡಿ ಹುಡುಗರು ನಗುತ್ತಾರೆ. ನಗಲಿ, ಅದನ್ನು ಬಿಚ್ಚಿಡದಿದ್ದರೆ ಸಾಕು.

ಹಾಗಾಗಿ ಇಂಡಿಕೇಟರ್ ಜೋಡಿಸಿದ ಮಾತ್ರಕ್ಕೆ ಮೋಟೋಕ್ರಾಸ್ ಬೈಕು ರಸ್ತೆಯ ಗಾಡಿಯಾಗುವುದಿಲ್ಲ. ಕವಾಸಾಕಿಯದೇ ಉದಾಹರಣೆ ನೋಡಿ. ಕೆಎಲ್‌ಎಕ್ಸ್ 230 ನಮ್ಮಲ್ಲಿ ನೋಂದಣಿಯಾಗುತ್ತದೆ. ನೋಡಲು ಅದರ ತಮ್ಮನಂತಿರುವ ಕೆಎಲ್‌ಎಕ್ಸ್ 230ಆರ್ ಎಸ್, ಹಾಗೆಯೇ ಕೆಎಕ್ಸ್ ಸಾಲಿನ ಬೈಕುಗಳು ಟ್ರ್ಯಾಕಿಗೆ ಮಾತ್ರ. ಅಮೆರಿಕದ ಅರಿಝೋನಾದಂಥ ಕಡೆ ಒಂದೇ ಬೈಕಿಗೆ ರಸ್ತೆಯ ಪ್ಲೇಟೂ ಕಚ್ಚಾ ದಾರಿಯ ಸ್ಟಿಕರೂ ಸಿಗುತ್ತವೆ. ನಮ್ಮಲ್ಲಿ 'ಆಫ್ ರೋಡ್ ನೋಂದಣಿ' ಎಂಬ ಬಗೆಯೇ ಇಲ್ಲ. ಇರುವುದು ಒಂದೇ ಆರ್‌ಸಿ. ಅದಿದ್ದರೆ ಟಾರು ರಸ್ತೆಯಲ್ಲೂ ಮಣ್ಣು ಹಾದಿಯಲ್ಲೂ ಓಡಿಸಬಹುದು, ಇಲ್ಲದಿದ್ದರೆ ಬೇಲಿಯೊಳಗೆ ಮಾತ್ರ.

"ತೋಟ ನಮ್ಮದೇ ಅಲ್ವಾ ಮಾವ, ಅಲ್ಲಿ ಯಾರು ಕೇಳ್ತಾರೆ?" ಎಂದ ಹುಡುಗ. ನಾಲ್ಕೂ ಸುತ್ತ ಬೇಲಿಯಿರುವ ಸ್ವಂತ ಜಾಗದಲ್ಲಿ ಪೊಲೀಸರು ಬಂದು ಕೇಳಲಿಕ್ಕಿಲ್ಲ. ಆದರೆ ನಮ್ಮ ತೋಟ ಒಂದೇ ತುಂಡಲ್ಲ, ನಡುವೆ ಪಂಚಾಯಿತಿ ರಸ್ತೆ ಹಾದುಹೋಗುತ್ತದೆ. ಐವತ್ತು ಮೀಟರ್ ದಾಟಿದರೂ ಅದು ಸಾರ್ವಜನಿಕ ರಸ್ತೆಯೇ. ಸಿಕ್ಕಿಬಿದ್ದರೆ 192ನೇ ಕಲಂನಂತೆ ಮೊದಲ ಸಲ 5,000 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿದರೆ 10,000ದವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ದಂಡ ಕಟ್ಟಬಹುದು ಬಿಡಿ. ನನ್ನ ಹೆದರಿಕೆ ಬೇರೆ. ಅದೇ ರಸ್ತೆಯಲ್ಲಿ ಬೆಳಗ್ಗೆ ಎಂಟೂವರೆಗೆ ಶಾಲೆ ಮಕ್ಕಳು ನಡೆದು ಹೋಗುತ್ತಾರೆ. ಒಂದು ಮಗುವಿಗೆ ತಾಗಿತು ಎನ್ನಿ. ಈ ಗಾಡಿಗೆ ಥರ್ಡ್ ಪಾರ್ಟಿ ವಿಮೆಯೂ ಇಲ್ಲ. ಅಪಘಾತ ಪರಿಹಾರ ನ್ಯಾಯಮಂಡಳಿ ಎಷ್ಟು ಹೇಳಿದರೂ ಅಷ್ಟನ್ನು ಮಾಲೀಕನೇ ಕೊಡಬೇಕು. ಅಂದರೆ ನಮ್ಮಕ್ಕ, ಭಾವ ತೋಟ ಮಾರಿ ಕೊಡಬೇಕು. ಇಷ್ಟು ಹೇಳಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಏಜೆಂಟನಿಗೆ ಬೇಡ ಎಂದು ಹೇಳಿದ.

ಅವನು ಕೊನೆಗೆ ಆರಿಸಿದ್ದು ಹೀರೋ ಎಕ್ಸ್‌ಪಲ್ಸ್ 200 4ವಿ ಪ್ರೊ. 2023ರಲ್ಲಿ ಬಂದ ಮಾಡೆಲ್. ಸೀಟಿನ ಎತ್ತರ 891 ಮಿಲಿಮೀಟರ್, ನನ್ನಂಥ ಐದೂಕಾಲು ಅಡಿಯವನಿಗೆ ಸಿಗ್ನಲ್‌ನಲ್ಲಿ ಕಾಲು ನೆಲಕ್ಕೆ ಸಿಗುವುದಿಲ್ಲ. ಅಷ್ಟುದ್ದದ ಸಸ್ಪೆನ್ಷನ್ ಕಾರ್ಖಾನೆಯಿಂದಲೇ ಬಂದದ್ದರಿಂದ ಆರ್‌ಸಿಗೆ ತೊಂದರೆಯಿಲ್ಲ. ಇದೇ ಕೆಲಸವನ್ನು ಗ್ಯಾರೇಜಿನಲ್ಲಿ ಬೇರೆ ಗಾಡಿಗೆ ಮಾಡಿಸಿದರೆ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಾಯಿತು. ಸೈಲೆನ್ಸರ್ ಬದಲಿಸಿ ಓಣಿ ನಡುಗಿಸುವವರು ಇದನ್ನು ಓದಿಕೊಳ್ಳಲಿ.

ರೇಸ್ ಮಾಡುವವರಿಗೆ ಇದ್ಯಾವುದೂ ಇಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಪೂರೈಸಿದ ಡಕಾರ್ ರ‍್ಯಾಲಿಯಲ್ಲೂ ಮರಳುಗಾಡಿನ ಸ್ಪರ್ಧೆಗಳ ನಡುವೆ ಸಾಮಾನ್ಯ ರಸ್ತೆಯ ಓಟ ಇರುತ್ತದೆ. ಅಲ್ಲಿ ಓಡಲು ಆ ಬೈಕುಗಳಿಗೂ ನೋಂದಣಿ, ದೀಪ, ನಂಬರ್ ಬೇಕು.

ನಮ್ಮಂಥ ಹೊರನಾಡಿನವರಿಗೆ ಉಳಿಯುವ ಪ್ರಶ್ನೆ, ಯಾವ ರಾಜ್ಯದ ನಂಬರ್ ಎಂಬುದು. ಹುಡುಗನ ಕಂಪನಿಗೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿವೆ. ಅಂಥ ಖಾಸಗಿ ನೌಕರರು 2021ರಿಂದ ಬಂದಿರುವ ಬಿಎಚ್ ಸರಣಿ ಕೇಳಬಹುದು. ಕಂಪನಿಯಿಂದ ಫಾರಂ 60ರಲ್ಲಿ ಪ್ರಮಾಣಪತ್ರ ತರಬೇಕು. ತೆರಿಗೆಯನ್ನು ಪೂರ್ತಿ ಅವಧಿಗೆ ಒಮ್ಮೆಲೇ ಕಟ್ಟದೆ ಎರಡೆರಡು ವರ್ಷಕ್ಕೆ ಕಟ್ಟುವ ಅವಕಾಶವಿದೆ, ವರ್ಗವಾದರೆ ಮರುನೋಂದಣಿ ಇಲ್ಲ. ಆದರೆ ಎರಡು ವರ್ಷ ಮುಗಿಯುವ ದಿನವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಬಿಎಚ್ ಸಿಗದವರು ಕೆಎ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು. ಊರಿನಲ್ಲಿ ಕಟ್ಟಿದ್ದ ತೆರಿಗೆಯ ಉಳಿಕೆಯನ್ನು ವಾಪಸ್ ಕೇಳುವುದನ್ನು ಮರೆಯಬೇಡಿ, ತಾನಾಗಿ ಬರುವ ದುಡ್ಡಲ್ಲ ಅದು.

ಹುಡುಗನ ಫಾರಂ 60ಕ್ಕೆ ಎಚ್‌ಆರ್ ಸಹಿ ಬಿದ್ದಿದೆ. ಗಾಡಿ ಇನ್ನೂ ಶೋರೂಮಿನಲ್ಲೇ ಇದೆ. ನಂಬರ್ ಬಂದ ಮೇಲೆ ಮೊದಲ ಸವಾರಿ ಬಿಸಿಲೆ ಘಾಟಿಗೆ ಎನ್ನುತ್ತಿದ್ದಾನೆ. ರಸ್ತೆ ಬಿಟ್ಟು ಕಾಡಿನೊಳಗೆ ಚಕ್ರ ಇಳಿಸಲು ಆರ್‌ಸಿ ಸಾಲದು, ಅರಣ್ಯ ಇಲಾಖೆಯನ್ನು ಕೇಳಬೇಕು ಎಂದು ನಿನ್ನೆ ಹೇಳಿದ್ದೇನೆ.