ಬ್ರಾಯ್ಲರ್ ಕೋಳಿಗೆ ಯಾವ ಕಾಳು ಒಗ್ಗುತ್ತದೆ?

ಸಾಂಗ್ಲಿ–ಮಿರಜ ಸೀಮೆಯಿಂದ ಕನ್ನಡ ಮಾತಿನ ಜತ್ತದವರೆಗೂ ಹಿಂಗಾರಿಯಲ್ಲಿ ಬೆಳೆಯುವ ಬಿಳಿಜೋಳ ರೊಟ್ಟಿಗಷ್ಟೇ ಅಲ್ಲ, ಬ್ರಾಯ್ಲರ್ ಕೋಳಿಗೂ ಒಳ್ಳೆಯ ಆಹಾರ. ಅದರಲ್ಲಿ ಒಗರಿನ ಟ್ಯಾನಿನ್ ತೀರಾ ಕಡಿಮೆ. ಟ್ಯಾನಿನ್ ಹೆಚ್ಚಿರುವ ಜೋಳದ ತಳಿಗಳಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡು ಜೀರ್ಣಕ್ಕೆ ಅಡ್ಡಿಯಾಗುತ್ತದೆ.

ಗೋಧಿ, ಬಾರ್ಲಿಯ ತೊಡಕು ಬೇರೆ. ಅವುಗಳ ನಾರು ಕರುಳಲ್ಲಿ ಲೋಳೆಯಾಗಿ ಹಿಕ್ಕೆ ಅಂಟಂಟಾಗುತ್ತದೆ, ಶೆಡ್ಡಿನ ಹಾಸು ಒದ್ದೆಯಾಗುತ್ತದೆ. ಗೋಧಿಗೆ ಜೈಲನೇಸ್, ಬಾರ್ಲಿಗೆ ಬೀಟಾ-ಗ್ಲೂಕನೇಸ್ ಕಿಣ್ವ ಬೆರೆಸಿದರೆ ಆ ನಾರು ತುಂಡಾಗುತ್ತದೆ.

ದುಬಾರಿ ನಷ್ಟವೆಂದರೆ ರಂಜಕದ್ದು. ಗೋವಿನಜೋಳ, ಸೋಯಾ ಹಿಂಡಿಯ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಫೈಟೇಟ್ ಆಗಿ ಸಿಕ್ಕಿಬಿದ್ದಿರುತ್ತದೆ. ಅದನ್ನು ಬಿಡಿಸಲು ಕೋಳಿಯ ಸ್ವಂತ ಕಿಣ್ವ ಸಾಲದು. 1991ರಿಂದ ಮಾರುಕಟ್ಟೆಯಲ್ಲಿರುವ ಫೈಟೇಸ್ ಕಿಣ್ವ ಅದರಲ್ಲಿ ಸಾಕಷ್ಟನ್ನು ಬಿಡಿಸಿಕೊಡುತ್ತದೆ. ರಂಜಕಕ್ಕಾಗಿ ಸಾಕಣೆದಾರ ಹಣ ತೆತ್ತು ಬೆರೆಸುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಅಷ್ಟರಮಟ್ಟಿಗೆ ಉಳಿಯುತ್ತದೆ.