ಕಾವಿಗಿಡುವ ಮೊಟ್ಟೆಯ ಜೋಪಾನ

ಹೇಂಟೆ ಕಾವಿಗೆ ಕೂರುವವರೆಗೆ ಮೊಟ್ಟೆ ಕೂಡಿಡುವುದು ನಮ್ಮ ಬೆಳೆಗಾರರ ಮನೆಗಳ ವಾಡಿಕೆ. 21 ದಿನ ಕಾದು ಅರ್ಧದಷ್ಟೂ ಮರಿಯಾಗದಿದ್ದರೆ ಹೇಂಟೆಯನ್ನು ದೂರುತ್ತೇವೆ. ಅನೇಕ ವೇಳೆ ತಪ್ಪು ಹೇಂಟೆಯದಲ್ಲ, ಮೊಟ್ಟೆಯಿಟ್ಟ ಜಾಗದ್ದು.

ಮೊಟ್ಟೆಯೊಳಗಿನ ಅಂಕುರ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿದ್ರಿಸುತ್ತಿರುತ್ತದೆ. ಅದಕ್ಕಿಂತ ಸೆಕೆಯಾದರೆ ಎಚ್ಚೆತ್ತು ನಿಧಾನವಾಗಿ ಬೆಳೆಯತೊಡಗುತ್ತದೆ. ಪೂರ್ಣ ಕಾವು ಸಿಗದೆ ಸೊರಗಿ ಸಾಯುತ್ತದೆ. ಗಂಗಾವತಿ ಕಡೆಯ ಶ್ರೀರಾಮನಗರದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಒಲೆಯ ಬಳಿ ಬುಟ್ಟಿಯಲ್ಲಿಟ್ಟ ತತ್ತಿ ಕೆಡಲು ಹೆಚ್ಚು ದಿನ ಬೇಕಿಲ್ಲ.

ಅಂಥ ಒಣಹವೆಗೆ ಮಣ್ಣಿನ ಮಡಕೆಯೇ ಮದ್ದು. ದೊಡ್ಡ ಮಡಕೆಯೊಳಗೆ ಚಿಕ್ಕದನ್ನಿರಿಸಿ, ನಡುವೆ ಮರಳು ತುಂಬಿ ನೀರು ಹನಿಸುತ್ತಿರಬೇಕು. ನೀರು ಆರುತ್ತ ಒಳಗನ್ನು ತಂಪಾಗಿಸುತ್ತದೆ. ಒಳಮಡಕೆಗೆ ಒಣ ಭತ್ತದ ಹೊಟ್ಟು ಹಾಸಿ, ಚೂಪು ತುದಿ ಕೆಳಗಾಗುವಂತೆ ಮೊಟ್ಟೆಯಿಡಿ. ಮೊಟ್ಟೆಗೆ ನೀರು ತಾಗಬಾರದು. ಮಲೆನಾಡಿನ ಮಳೆಗಾಲದಲ್ಲಿ ಹವೆಯೇ ತೇವವಾದ್ದರಿಂದ ಈ ಉಪಾಯ ಅಷ್ಟಾಗಿ ಫಲಿಸದು. ತಂಪಾದ ಕತ್ತಲೆ ಕೋಣೆ ಸಾಕು.

ಮೊಟ್ಟೆ ತೊಳೆಯಬೇಡಿ, ಸಿಪ್ಪೆಯ ಮೇಲಿನ ರಕ್ಷಕ ಪೊರೆ ಹೋಗಿ ರೋಗಾಣು ಒಳಹೊಗುತ್ತದೆ. ಫ್ರಿಜ್ಜೂ ಬೇಡ, ಅತಿ ಚಳಿ ಅಂಕುರಕ್ಕೆ ಹಾನಿ, ಹೊರತೆಗೆದಾಗ ಸಿಪ್ಪೆಯೂ ಬೆವರುತ್ತದೆ. ದಿನಕ್ಕೆರಡು ಮೂರು ಸಲ ಗೂಡಿನಿಂದ ಆರಿಸಿ, ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ತಾರೀಖು ಬರೆಯಿರಿ. 15ರಿಂದ 18 ಡಿಗ್ರಿ ತಂಪಿದ್ದರೆ ಒಂದು ವಾರದವರೆಗೆ ಇಡಬಹುದು. ಕಡುಬೇಸಿಗೆಯಲ್ಲಿ ಮೂರು ನಾಲ್ಕು ದಿನ ಮಾತ್ರ. ಅದಕ್ಕೂ ಹಳೆಯವು ಅಡಿಗೆಗೇ ಇರಲಿ.